ಮೆಟ್ಟಿಲ ಮೇಲಿನ ಅಲೆ ವರದಿ

ಒದ್ದೆ ರಬ್ಬರಿನ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಕಾಣೆ. ನನಗಂತೂ ಗಂಡನ ಮೇಲೆ ಕೋಪ ಬರುತ್ತದೆ. ಕಳೆದ ಭಾನುವಾರ ಡನ್ ಲಿಯರಿಯಲ್ಲಿ ಕಡಲೊಳಕ್ಕೆ ಚಾಚಿದ ಪಿಯರ್ ಕಟ್ಟೆಯ ಮೇಲೆ ನಾವಿಬ್ಬರೂ ನಡೆಯುತ್ತಿದ್ದಾಗ, ಈಜಿ ಬಂದ ಹೆಂಗಸೊಬ್ಬಳು ಮೈಗಂಟಿದ ಕರಿ ರಬ್ಬರ್ ಸೂಟಿನಿಂದ ನೀರು ಸುರಿಸುತ್ತಾ ಪಕ್ಕದಲ್ಲೇ ಹಾದುಹೋದಳು. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಲಾಕ್‌ಡೌನಿನ ಇಡೀ ಪುರಾಣ ಎದ್ದು ಕೂತಿತು.

ಊರು ಬಿಟ್ಟು ಪರದೇಶಕ್ಕೆ ಬಂದ ನಾವಿಬ್ಬರೇ ಆಗ ಮೇನೂತ್ ಎಂಬ ಒಳನಾಡಿನ ಪುಟ್ಟ ಊರಿನಲ್ಲಿದ್ದೆವು. ನಾನು ಸರ್ಕಾರಿ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಡಾಕ್ಟರು. ನಮ್ಮ ಯಜಮಾನರು ಮಹಡಿಯ ಕೋಣೆಯಲ್ಲಿ ಕೂತು ಅಮೆರಿಕದ ಪಶ್ಚಿಮ ಕರಾವಳಿಯ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವವರು. ಅಲ್ಲಿನ ಮ್ಯಾನೇಜರ್ ಮಹಾಶಯ ಪೆಸಿಫಿಕ್ ಸಾಗರದಲ್ಲಿ ಬೆಳಗಿನ ಸರ್ಫಿಂಗ್ ಮುಗಿಸಿಯೇ ಕಾಲ್‌ಗೆ ಬರುವವನು. ಹಲಗೆಯೊಂದರ ಮೇಲೆ ನಿಂತು ಅಲೆಯ ಬೆನ್ನೇರಿ ದಡಕ್ಕೆ ಬರುವ ಆಟ ಅದು. ಅವನ ಕುಶಲೋಪರಿಯೆಲ್ಲ ಅಲೆಯದೇ. ಮಾತಿಗೆ ಮಾತು ಸೇರಿಸಬೇಕಲ್ಲ ಎಂದು ಇವರೂ ಆ ಬೀಚಿನ ಲೈವ್ ಕ್ಯಾಮೆರಾ ತೆರೆದಿಟ್ಟುಕೊಂಡರು. ತೆರೆದದ್ದನ್ನು ಮತ್ತೆ ಮುಚ್ಚಲಿಲ್ಲ.

ಇವರ ಸಮುದ್ರಾನುಭವವನ್ನೂ ಹೇಳಿಬಿಡುತ್ತೇನೆ. ಮೈಸೂರಿನವರು, ಈಜು ಬರದು. ಮುರುಡೇಶ್ವರದಲ್ಲಿ ಒಮ್ಮೆ ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದು, ಪಾದದಡಿಯ ಮರಳು ಜಾರಿದ್ದಕ್ಕೇ "ಎಳೀತಿದೆ ಕಣೇ, ಕೈ ಹಿಡ್ಕೋ!" ಎಂದು ಕೂಗಿದ ವೀರರು. ಮೇನೂತ್‌ನಲ್ಲೋ ಸಮುದ್ರವೇ ಇಲ್ಲ. ಇರುವುದೊಂದು ಕಾಲುವೆ, ಅದರಲ್ಲಿ ಬಾತುಕೋಳಿ ಮನಸ್ಸು ಮಾಡಿದರೆ ಮಾತ್ರ ಅಲೆ. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಕಟ್ಟಳೆ ಬೇರೆ. ಇಷ್ಟೆಲ್ಲ ಇದ್ದೂ ಆರೇ ತಿಂಗಳಲ್ಲಿ ನಮ್ಮವರು ಪೆಸಿಫಿಕ್ ಪಂಡಿತರಾದರು.

ನನ್ನ ದಿನಚರಿ ಕೇಳಿ. ರಾತ್ರಿ ಎಂಟೂವರೆಗೆ ಮನೆ. ಹಿಂಬಾಗಿಲಿನಿಂದ ಒಳಗೆ, ಉಟ್ಟದ್ದೆಲ್ಲ ನೇರ ವಾಷಿಂಗ್ ಮಷೀನಿಗೆ, ತಲೆಗೆ ಸ್ನಾನ, ಕೆಳಗಿನ ಕೋಣೆಯಲ್ಲೇ ಊಟ, ಅಲ್ಲೇ ನಿದ್ದೆ. ಮಡಿ ಮಡಿ ಅನ್ನುತ್ತಿದ್ದ ಅಜ್ಜಿಯನ್ನು ಆಡಿಕೊಂಡು ನಕ್ಕವಳು ನಾನು. ಯಾರನ್ನೂ ಮುಟ್ಟದೆ ಬದುಕುವುದನ್ನು ಅಜ್ಜಿಗಿಂತ ಚೆನ್ನಾಗಿ ಕಲಿತೆ. ಗಂಡ ಮೆಟ್ಟಿಲ ತುದಿಯಲ್ಲಿ, ನಾನು ಬುಡದಲ್ಲಿ. ನಮ್ಮ ಸಂಸಾರ ನಡೆದದ್ದು ಹೀಗೆ.

"ಇವತ್ತು ವಾಯುವ್ಯದಿಂದ ಸ್ವೆಲ್ ಬಂದಿದೆ ಕಣೇ. ಹತ್ತಡಿ! ಗಾಳಿ ಮಾತ್ರ ಸರಿ ಇಲ್ಲ."

ಸ್ವೆಲ್ ಅಂದರೆ ದೂರದ ಬಿರುಗಾಳಿ ಎಬ್ಬಿಸಿ ಅಟ್ಟುವ ಅಲೆಗಳ ಸಾಲು. ಬೇಡವೆಂದರೂ ನನಗೂ ಬಾಯಿಪಾಠವಾಯಿತು. ಚಳಿಗಾಲದ ಅಲೆ ಆಳೆತ್ತರ, ಗಂಡೆದೆಯವರಿಗೆ ಮಾತ್ರ. ವಸಂತದಲ್ಲಿ ಕಡಲಗಾಳಿ ಎದ್ದು ಅಲೆಯನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತದೆ. ಬೇಸಿಗೆಯಲ್ಲಿ ಬೆಳಗೆಲ್ಲ ಮಂಜು, ದಕ್ಷಿಣದಿಂದ ಬರುವ ಪುಟ್ಟ ಅಲೆಗಳು, ಕಲಿಯುವವರಿಗೆ ಪ್ರಶಸ್ತ. ಶರತ್ಕಾಲದಲ್ಲಿ ನೆಲದ ಕಡೆಯಿಂದ ಗಾಳಿ ಬೀಸಿ ಅಲೆ ನೀಟಾಗಿ ಎದ್ದು ನಿಲ್ಲುತ್ತದೆ, ಅದೇ ಅಮೃತಗಳಿಗೆ. ಹನ್ನೆರಡು ಗಂಟೆ ರೋಗಿಗಳ ಆಕ್ಸಿಜನ್ ಅಂಕಿ ನೋಡಿ ಕಣ್ಣುರಿಸಿಕೊಂಡು ಬಂದವಳಿಗೆ ಇದು ಉಪದೇಶ!

ಇವರಪ್ಪ ಪುರೋಹಿತರಾಗಿದ್ದವರು. ಹಾಗಾಗಿ ಯುಗಾದಿಗೆ ಕನ್ನಡ ಬಳಗದ ಪಂಚಾಂಗ ಶ್ರವಣ ಪ್ರತಿವರ್ಷ ಇವರದೇ ಪಾಲು. ಆ ವರ್ಷ ಸಂಜೆ ಹೊತ್ತಿಗೆ, ಜೂಮ್‌ನಲ್ಲಿ. ಹೊಸ ಜುಬ್ಬ ತೊಟ್ಟು, ಪಂಚಾಂಗದ ಪುಟ ತೋರಿಸುತ್ತೇನೆಂದು ಇವರು ಸ್ಕ್ರೀನ್ ಶೇರ್ ಮಾಡಿದರು, ಎಲ್ಲರಿಗೂ ಕಂಡದ್ದು ಬೀಚು. ಈ ಸಂವತ್ಸರಕ್ಕೆ ರಾಜ ಯಾರು, ಮಂತ್ರಿ ಯಾರು ಎಂದು ಇವರು ಗಂಭೀರವಾಗಿ ಓದುತ್ತಿದ್ದಾರೆ; ಅಲ್ಲಿ ಚಡ್ಡಿ ಹಾಕಿದವನೊಬ್ಬ ಹಲಗೆ ಸಮೇತ ಪಲ್ಟಿ ಹೊಡೆಯುತ್ತಿದ್ದಾನೆ. ಪಕ್ಕದ ಊರು ಲೀಕ್ಸ್‌ಲಿಪ್‌ನ ಹಿರಿಯರೊಬ್ಬರು ಕೈಮುಗಿದು, "ಸಮುದ್ರರಾಜನ ದರ್ಶನಾನೂ ಮಾಡಿಸಿಬಿಟ್ರಿ ಸ್ವಾಮಿ" ಅಂದರು. ಬಿದ್ದವನ ವಿಷಯ ಯಾರೂ ಎತ್ತಲಿಲ್ಲ.

ಅಷ್ಟಕ್ಕೇ ಮುಗಿಯಿತೇ? ಇವರು ಆನ್‌ಲೈನಿನಲ್ಲಿ ಸರ್ಫಿಂಗ್ ಸೂಟು ತರಿಸಿದರು. ನಾನು ಬರುವ ಹೊತ್ತಿಗೆ ತೊಟ್ಟಾಗಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಮೈಯೆಲ್ಲ ಬೆವರಿ ಮನೆ ತುಂಬ ರಬ್ಬರಿನ ನಾತ. ದಿನವೆಲ್ಲ ಪಿಪಿಇ ಎಂಬ ಚೀಲದೊಳಗೆ ಬೆಂದು ಬಂದ ನಾನು ಮೆಟ್ಟಿಲ ಬುಡದಲ್ಲಿ ನಿಂತು ಹೇಳಿಕೊಟ್ಟೆ: "ಮೊದಲು ಎಡಗೈ. ಎಳೀಬೇಡಿ, ಮಗುಚಿ." ಮುಕ್ಕಾಲು ಗಂಟೆ ಹಿಡಿಯಿತು. ನಗು ಬರಬೇಕಿತ್ತು, ಬರಲಿಲ್ಲ.

ಆ ಒಂದು ರಾತ್ರಿಗೆ ಬರುತ್ತೇನೆ. ಅವತ್ತು ವಾರ್ಡಿನಲ್ಲಿ ನನ್ನ ಕಣ್ಣೆದುರೇ ಒಬ್ಬ ಅಜ್ಜಿ ಹೋಗಿದ್ದರು. ಸ್ನಾನ ಮಾಡಿ ಮೆಟ್ಟಿಲ ಬುಡಕ್ಕೆ ಬಂದೆ. ಮೇಲಿನಿಂದ ಶುರುವಾಯಿತು: "ನಾಳೆ ದಕ್ಷಿಣದ ಸ್ವೆಲ್ ಕಣೇ, ಮಂಜು ಬೇಗ ಕರಗತ್ತಂತೆ..."

"ಸಾಕು ನಿಲ್ಸಿ!" ಎಂದು ಕಿರುಚಿದೆ. "ಒಂದು ದಿನ, ಒಂದೇ ಒಂದು ದಿನ ಕೇಳಿದ್ದೀರಾ, ಇವತ್ತು ವಾರ್ಡಲ್ಲಿ ಏನಾಯ್ತು ಅಂತ?"

ಇವರು ಅಲ್ಲೇ ಮೇಲಿನ ಮೆಟ್ಟಿಲಲ್ಲಿ ಕುಸಿದು ಕೂತರು. "ಕೇಳಿದ್ರೆ ನೀನು ಹೇಳ್ತೀಯ. ಅದನ್ನ ಕೇಳಿಸ್ಕೊಂಡ್ಮೇಲೆ ನಾಳೆ ನಿನ್ನ ಹೇಗೆ ಕಳಿಸ್ಲಿ?"

ಕರಗಿಬಿಟ್ಟಳು ಅಂದುಕೊಂಡಿರಾ? ಇಲ್ಲ, ಇನ್ನಷ್ಟು ಉರಿಯಿತು. ಇವರ ಧೈರ್ಯ ಉಳಿಯಲಿ ಅಂತ ನಾನು ಬಾಯಿ ಹೊಲಿದುಕೊಂಡಿರಬೇಕೇ? ಬಾಗಿಲು ಬಡಿದುಕೊಂಡು ಮಲಗಿದೆ. ಮರುದಿನದಿಂದ ಅಲೆ ವರದಿ ನಿಂತಿತು. ಅದರ ಜಾಗಕ್ಕೆ ಪ್ರಶ್ನೆ ಬರಲಿಲ್ಲ. ಲಸಿಕೆ ಬಂತು, ಒಂದೇ ಕೋಣೆಗೆ ಬಂದೆವು, ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಬೇರೆಯವರ ಎದೆಬಡಿತ ಕೇಳಿಸಿಕೊಳ್ಳುವ ನಾನು, ಬೆಳಗಿನಿಂದ ಒಬ್ಬರೇ ಮನೆಯಲ್ಲಿ ಹೆದರಿ ಕೂತವರ ಬಗ್ಗೆ ಯೋಚಿಸಲೂ ಇಲ್ಲ ಅನ್ನುವುದು ಹೊಳೆಯಲು ವರ್ಷಗಳೇ ಬೇಕಾದವು.

ಭಾನುವಾರ ಪಿಯರ್ ಮೇಲೆ, "ನಿಮ್ಮ ಸೂಟು ನೆನಪಾಯ್ತಾ?" ಎಂದು ಚುಚ್ಚಿದೆ. ಇವರು ನಾಲ್ಕು ಹೆಜ್ಜೆ ನಡೆದು ನಿಂತರು.

"ಅವತ್ತು ಯಾರೇ ಹೋಗಿದ್ದು?"

ಯಾವತ್ತು ಎಂದು ನಾನು ಕೇಳಬೇಕಾಗಲಿಲ್ಲ. ಹೇಳಿದೆ. ಸ್ಕೂಲ್ ಟೀಚರ್ ಆಗಿದ್ದವರು. ಮಗಳು ಆಸ್ಟ್ರೇಲಿಯಾದಲ್ಲಿ. ವಿಡಿಯೊ ಕಾಲ್‌ಗೆ ಟ್ಯಾಬ್ಲೆಟ್ ಹಿಡಿದು ಇಬ್ಬರನ್ನೂ ಮಾತಾಡಿಸುತ್ತಿದ್ದೆ, ನಡುವೆ ಕಾಲ್ ಕಟ್ಟಾಯಿತು. ಕಪ್ಪಾದ ಆ ಪರದೆ ಅವರಿಗೆ ಕಾಣದ ಹಾಗೆ ನನ್ನ ಕಡೆಗೆ ತಿರುಗಿಸಿಕೊಂಡು, "ಮಗಳು ಇಲ್ಲೇ ಇದಾಳೆ, ನಿಮ್ಮನ್ನೇ ನೋಡ್ತಿದಾಳೆ" ಎಂದು ಅಜ್ಜಿಯ ಕಿವಿಯಲ್ಲಿ ಸುಳ್ಳು ಹೇಳಿದೆ. ಅದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳುತ್ತಾ ನಡುಬೀದಿಯಂಥ ಆ ಜಾಗದಲ್ಲಿ ಬಿಕ್ಕಿ ಬಿಕ್ಕಿ ಅತ್ತೆ.

ಇವರು ನನ್ನ ಮೊಣಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು.

"ಆಮೇಲೆ?" ಅಂದರು.