ರಸೀದಿಯ ಬೆನ್ನಿಗೆ ಕುರುಮಮ್ಮ

ಬೆಳಗಿನ ಐದೂಮುಕ್ಕಾಲು. ತೆಲಂಗಾಣದ ಮಖ್ತಲ್‌ನ ಒಂದು ಖಾಸಗಿ ಶಾಲೆಯಲ್ಲಿ ಗಂಟೆ ಹೊಡೆಯಲು ಇನ್ನೂ ಮೂರು ತಾಸಿದೆ. ಫೀಸಿನ ಕಿಟಕಿ ಮಾತ್ರ ಆಗಲೇ ತೆರೆದಿದೆ. ಒಳಗೆ ಕಂಬಳಿ ಹೊದ್ದು ಕುಳಿತ ಕುರುಮಮ್ಮ ಹಳೆಯ ರಸೀದಿ ಪುಸ್ತಕಗಳ ಗಂಟು ಬಿಚ್ಚುತ್ತಿದ್ದಾರೆ. ಹೊರಗೆ ನಿಂತ ಮಲ್ಲೇಶ್ವರಿ, ಅದೇ ಜಿಲ್ಲೆಯ ಮದ್ದೂರಿನ ಆಸ್ಪತ್ರೆಯ ನರ್ಸ್, ಚಳಿಗೋ ಚಿಂತೆಗೋ ಕೈ ಉಜ್ಜಿಕೊಳ್ಳುತ್ತಿದ್ದಾರೆ.

"ಲಗೂನ ನೋಡಕ್ಕಾ. ಏಳರ ಬಸ್ ತಪ್ಪಿದ್ರ ನನ್ನ ಕಥಿ ಮುಗೀತು."

"ಬಸ್ ಹೋದ್ರ ಇನ್ನೊಂದು ಬರ್ತೈತಿ, ಚೀಟಿ ಹೋದ್ರ ಬರಾಂಗಿಲ್ಲ. ಸುಮ್ನ ಕುಂದ್ರು ತಂಗಿ."

ಮಲ್ಲೇಶ್ವರಿಯ ಪಗಾರ ಕೊಡುವ ನಾರಾಯಣಪೇಟೆಯ ಕಚೇರಿಗೆ ತೆರಿಗೆ ರಿಯಾಯಿತಿಯ ಕಾಗದ ಕೊಡಲು ಇದೇ ಕಡೆಯ ದಿನ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಮಕ್ಕಳ ಬೋಧನಾ ಶುಲ್ಕದ ಮೇಲೆ ರಿಯಾಯಿತಿ ಉಂಟು. ಅಪ್ಪನೋ ಅಮ್ಮನೋ, ಫೀಸು ಯಾರು ಕಟ್ಟಿದರೋ ಅವರಿಗೆ. ಮಲ್ಲೇಶ್ವರಿಗೆ ವಿಚ್ಛೇದನವಾಗಿ ನಾಲ್ಕು ವರ್ಷ. ಮಕ್ಕಳಾದ ಝಾನ್ಸಿ, ಅಂಜನಕುಮಾರ್ ಇಬ್ಬರೂ ಇರುವುದು ಅವರ ಬಳಿ, ಫೀಸು ಹೋಗುವುದೂ ಅವರ ಪಗಾರದಿಂದಲೇ. ಆದರೆ ಶಾಲೆಯ ರಸೀದಿಯಲ್ಲಿರುವುದು ತಂದೆ ಚಂದ್ರಕಾಂತ್ ಹೆಸರು. ದುಡ್ಡು ತಂದವರ ಹೆಸರಿಗೆ ಅಲ್ಲಿ ಜಾಗವೇ ಇಲ್ಲ. ಕಟ್ಟಿದವರು ಚಂದ್ರಕಾಂತ್, ರಿಯಾಯಿತಿ ನಿಮಗೇಕೆ ಎಂದು ಕಚೇರಿ ಕೇಳಿದೆ. ಶಾಲೆಯ ಪತ್ರ ತರದಿದ್ದರೆ ಪಗಾರದಲ್ಲಿ ಹದಿಮೂರು ಸಾವಿರ ಕಡಿತ. ಹದಿನೈದು ವರ್ಷ ಊರವರಿಗೆ ಹೆರಿಗೆ ಮಾಡಿಸಿದ ನರ್ಸಿಗೆ ಈಗ ತೆರಿಗೆಯ ಬೇನೆ!

"ಹೋದ ವರ್ಷದ ತಪ್ಪು ನಂದೇ ರೀ," ಕುರುಮಮ್ಮ ನನ್ನೆದುರು ಮುಚ್ಚಿಡುವುದಿಲ್ಲ. "ಚಂದ್ರಕಾಂತ್ ಗದ್ವಾಲದಿಂದ ಬಂದು ಸರ್ಟಿಫಿಕೇಟ್ ಕೇಳಿದ. ರಸೀದ್ಯಾಗ ಅವ್ನ ಹೆಸರೈತಿ, ಕೊಟ್ಟುಬಿಟ್ಟೆ. ಒಂದು ರೂಪಾಯಿ ಕಟ್ಟದಾಂವ ರಿಯಾಯಿತಿ ತಿಂದ. ಈ ವರ್ಷನೂ ಬಂದಿದ್ದ. 'ನಾ ಅವ್ರ ತಂದಿ ಅಲ್ಲೇನು?' ಅಂದ. ಹೌದಪಾ, ಮಕ್ಕಳ್ನ ನೋಡಾಕ ದಿನಾ ಬಾ, ಚೀಟಿ ಕೇಳಾಕ ಬರಬ್ಯಾಡ ಅಂದೆ."

ಐವತ್ನಾಲ್ಕು ವರ್ಷದ ಕುರುಮಮ್ಮ ಗಟ್ಟು ಎಂಬ ಊರ ಕಡೆಯ ಕುರುಬರ ಮಗಳು. ಓದಿದ್ದು ಏಳನೇ ಇಯತ್ತೆ. ಆಯಾ ಆಗಿ ಶಾಲೆ ಸೇರಿದವರು ಕಿಟಕಿಗೆ ಬಂದು ಹದಿನಾಲ್ಕು ವರ್ಷವಾಯಿತು. ದಿನಕ್ಕೆ ನಲವತ್ತು ರಸೀದಿ, ತೆರಿಗೆಯ ಕಾಲದಲ್ಲಿ ನೂರು. ತಿಂಗಳಿಗೆ ಹನ್ನೊಂದು ಸಾವಿರ. ಮಂದಿಯ ತೆರಿಗೆಗೆ ಇಷ್ಟೆಲ್ಲ ಒದ್ದಾಡುತ್ತೀರಲ್ಲ, ನಿಮ್ಮ ತೆರಿಗೆಯ ಕಥೆ ಏನು ಎಂದರೆ ನಗುತ್ತಾರೆ. "ನನಗ ಟ್ಯಾಕ್ಸ್ ಬೀಳೋವಷ್ಟು ಪಗಾರ ಕೊಟ್ರ ನಮ್ಮ ಸಾರ್‌ಗೆ ಜ್ವರ ಬರ್ತೈತ್ರೀ!"

ಆರೂಕಾಲಿಗೆ ಬೇಕಾದ ಪುಸ್ತಕ ಸಿಗುತ್ತದೆ. ರಸೀದಿ ಹರಿದು ಕೊಟ್ಟ ಮೇಲೆ ಶಾಲೆಯಲ್ಲಿ ಉಳಿಯುವ ಅರ್ಧ ಚೀಟಿಯನ್ನು ಕುರುಮಮ್ಮ ತಿರುಗಿಸಿ ಹಿಡಿಯುತ್ತಾರೆ. ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದಿದೆ: 'ತಾಯಿ ಕೈ', ಪಕ್ಕದಲ್ಲಿ ಮಲ್ಲೇಶ್ವರಿಯ ಸಹಿ. ಮುಂದಿನ ಕಂತಿಗೂ ಹಾಗೇ. ಅದರ ಮುಂದಿನದಕ್ಕೂ.

ಹೋದ ವರ್ಷದ ತಪ್ಪಾದ ಮೇಲೆ, ದುಡ್ಡು ತಂದ ಕೈ ಯಾವುದೆಂದು ಹೀಗೆ ಬರೆಯತೊಡಗಿದ್ದರು; ಯಾರೂ ಹೇಳಿರಲಿಲ್ಲ. "ನಮ್ಮಪ್ಪ ಮೊಗುಲಪ್ಪ ಮಂದಿ ಕುರಿನೂ ಕಾಯ್ತಿದ್ದ. ಕುರಿ ಯಾರ ಹೆಸರ್ಲೆ ಇರ್ಲಿ, ತಂದು ಬಿಟ್ಟ ಕೈಗೇ ತಿರುಗಿ ಕೊಡ್ಬೇಕು ಅಂತಿದ್ದ. ಬ್ಯಾರೆ ಕೈಗೆ ಕೊಟ್ರ ಹಟ್ಟಿ ಹಟ್ಟಿಗೆ ಜಗಳ ಬೀಳ್ತಿತ್ತು. ರೊಕ್ಕನೂ ಹಂಗೇ ಅಲ್ಲೇನ್ರೀ?"

ಬೆನ್ನು ಓದುವ ಕೆಲಸ ಮುಗಿಯಿತು. ಮುಂದಿರುವುದು ಶಾಲೆಯ ಯಜಮಾನ ಭೀಮಶಂಕರ್ ಅವರ ಮುಖ ಓದುವುದು. ಪಕ್ಕದಲ್ಲೇ ಮನೆ. ಹಲ್ಲುಜ್ಜುತ್ತ ಬಂದವರು ಕುರುಮಮ್ಮ ಬರೆದಿಟ್ಟ ಪತ್ರ ನೋಡಿ ಹಿಂಜರಿಯುತ್ತಾರೆ.

"ಗಂಡ ಹೆಂಡ್ತಿ ಜಗಳದಾಗ ನಮಗ್ಯಾಕ ಕುರುಮಮ್ಮಾ?"

"ಜಗಳಕ್ಕ ಸೈನ್ ಹಾಕಬ್ಯಾಡ್ರಿ ಸಾರ್, ಕಟ್ಟಿದ ಫೀಸಿಗೆ ಹಾಕ್ರಿ. ಹೋದ ಸಲ ತಪ್ಪು ಕಾಗದಕ್ಕ ಹಾಕಿದ್ರಲ್ಲ, ಆಗ ಪೆನ್ನು ನಡುಗಲಿಲ್ಲ?"

ಭೀಮಶಂಕರ್ ಬಾಯಿ ಮುಕ್ಕಳಿಸುತ್ತಾರೆ, ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಾರೆ. ಕಡೆಗೆ ಸಹಿ, ಮೊಹರು ಎರಡೂ ಬೀಳುತ್ತವೆ. ಮಲ್ಲೇಶ್ವರಿ ಪತ್ರ ಎದೆಗವಚಿಕೊಂಡು ಬಸ್ಸಿಗೆ ಓಡುತ್ತಾರೆ.

ಹನ್ನೊಂದೂವರೆಗೆ ಫೋನು ಬರುತ್ತದೆ. "ತಗೊಂಡ್ರಕ್ಕಾ! ಕಡಿತ ಇಲ್ಲಂತ!" ದನಿ ಕಿಟಕಿಯಾಚೆಗೂ ಕೇಳಿಸುತ್ತದೆ. ಕುರುಮಮ್ಮ "ಛಲೋ ಆತು, ಉಂಡಿಯೋ ಇಲ್ಲೋ?" ಎಂದಷ್ಟೇ ಕೇಳಿ ಫೋನಿಡುತ್ತಾರೆ. ಆದರೆ ಸೆರಗು ಸರಿಮಾಡಿಕೊಂಡು ಕೂತ ಆ ಕೂರುವಿಕೆ ತಹಶೀಲ್ದಾರರಿಗೂ ಬರದು.

ಇನ್ನೇನು ಬೇಕು ನಿಮಗೆ ಎಂದು ಕೇಳಿದೆ. ಕುರುಮಮ್ಮ ರಸೀದಿ ಪುಸ್ತಕ ಎಳೆದುಕೊಂಡರು.

"ಹೊಸ ರಸೀದಿ ಪುಸ್ತಕ ಅಚ್ಚು ಹಾಕ್ಸೋವಾಗ ತಂದಿ ಹೆಸರಿನ ತೆಳಗ ಇನ್ನೊಂದು ಸಾಲು ಬಿಡ್ರಿ ಅಂತ ಸಾರ್‌ಗೆ ಹೇಳೀನ್ರೀ. 'ಕಟ್ಟಿದವರು' ಅಂತ. ಜಾಗ ಸಾಲಾಂಗಿಲ್ಲ ಅಂತಾರ. ಸಾಲ್ತೈತ್ರಿ. ನಾ ಸ್ಕೇಲ್ ಇಟ್ಟು ಅಳದು ನೋಡೀನಿ."