ಆಕ್ಸಿಮೀಟರಿಗೆ ಪೂಜೆ

ಕೋವಿಡ್‌ನ ಎರಡನೇ ಅಲೆಯ ಬೇಸಿಗೆಯಲ್ಲಿ ವಿಜಯವಾಡದ ನನ್ನ ಅತ್ತೆ ವರ್ಷಕ್ಕಾಗುವಷ್ಟು ಆವಕಾಯ ಉಪ್ಪಿನಕಾಯಿ ಹಾಕುತ್ತಿದ್ದರು. ವಿಶಾಖಪಟ್ಟಣದ ನಮಗೊಂದು ಜಾಡಿ, ನಾದಿನಿಯ ಇನ್ನೂ ಗೊತ್ತಾಗದ ಮದುವೆಯ ಬೀಗರಿಗೊಂದು. ಮುಂದಿನ ದಿನಗಳ ಮೇಲೆ ಅವರಿಗೆ ಅಷ್ಟು ಭರವಸೆ. ಅವುಗಳಲ್ಲಿ ಕೆಟ್ಟದ್ದೂ ಇರಬಹುದೆಂದು ಮಾತ್ರ ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಮ್ಮ ತುಮಕೂರಿನ ಕಡೆ ಅಶ್ವಿನಿ ದೇವತೆಗಳು ಅಸ್ತು ಅನ್ನುವ ಕೆಲಸವನ್ನು ಅಲ್ಲಿ ತಥಾಸ್ತು ದೇವತೆಗಳು ನೋಡಿಕೊಳ್ಳುತ್ತಾರೆ.

ಹಾಗಾಗಿ ನಾನು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಕೊಂಡು ಕಳಿಸಿದ ಆಕ್ಸಿಮೀಟರ್ ಡಬ್ಬಿಯೊಳಗೇ ಇತ್ತು. ಮಾವನವರಿಗೆ ಜ್ವರ, ಕೆಮ್ಮು ಹಿಡಿದ ಮೇಲೂ.

"ಬೆರಳಿಗೆ ಹಾಕಿ ನೋಡಿ ಅತ್ತಮ್ಮಾ," ಎಂದೆ ವಿಡಿಯೋ ಕಾಲ್‌ನಲ್ಲಿ.

"ಡಬ್ಬಿ ತೆಗೆದರೆ ಅದನ್ನ ಕರೆದ ಹಾಗಲ್ಲವೇನಮ್ಮಾ? ಇವರಿಗೆ ಬಂದಿರೋದು ಬರೀ ಜ್ವರ."

"ಸ್ಟೆಪ್ನಿ ಇಟ್ಕೊಂಡ್ರೆ ಪಂಕ್ಚರ್ ಆಗುತ್ತೆ ಅಂತಾಳೆ," ಎಂದರು ಮಾವ ಹಿಂದಿನಿಂದ. ಅಷ್ಟು ಹೇಳುವುದಕ್ಕೆ ನಡುವೆ ಎರಡು ಸಲ ಉಸಿರೆಳೆದುಕೊಂಡರು.

ವಾದ ಬಿಟ್ಟೆ. ಆಟೋನಗರದಲ್ಲಿ ಮಾವನವರದು ಲಾರಿ ರಿಪೇರಿ ಶೆಡ್. ಹೊಸ ಜಾಕ್ ಬಂದರೂ ಅಲ್ಲಿ ಪೂಜೆಯಾಗದೆ ಕೆಲಸಕ್ಕಿಳಿಯುವುದಿಲ್ಲ.

"ಇದಕ್ಕೂ ಪೂಜೆ ಮಾಡಿಬಿಡಿ. ಮಷೀನೇ ತಾನೆ?"

ಅತ್ತೆ ಯೋಚಿಸಿದರು. "ರಾಹುಕಾಲ ಮುಗೀಲಿ."

ಮುಗಿಯುವವರೆಗೆ ನಾನು ಫೋನ್ ಇಡಲಿಲ್ಲ. ಮಾವನ ಎದೆ ಏರಿಳಿಯುವುದನ್ನೇ ನೋಡುತ್ತ ಬೀನ್ಸ್ ನಾರು ತೆಗೆದೆ.

ಅರಿಶಿನ, ಕುಂಕುಮ, ಊದುಬತ್ತಿ, ನಿಂಬೆಹಣ್ಣು ಎಲ್ಲ ಆಯಿತು. ಬೆರಳಿಗೆ ಹಾಕಿದರು.

"ಅರವತ್ತೊಂದು!" ಅತ್ತೆಗೆ ಖುಷಿ. "ಫಸ್ಟ್ ಕ್ಲಾಸ್."

ಬೀನ್ಸ್ ಬಿಟ್ಟು, ಮಷೀನ್ ಬಿಚ್ಚಿಸಿ ಕ್ಯಾಮೆರಾಕ್ಕೆ ಹಿಡಿಸಿದೆ. ಆಮೇಲೆ ನೋಡಿದೆ, ಬೆಳಕು ಬರುವ ಕಿಂಡಿಯಲ್ಲೂ ಕುಂಕುಮ. "ಒಳಗೂ ಹಚ್ಚಿದಿರಾ?"

"ಪೂಜೆ ಅಂದ ಮೇಲೆ ಅರ್ಧಂಬರ್ಧ ಮಾಡ್ತಾರೇನಮ್ಮಾ?"

ಸೆರಗಿನಿಂದ ಒರೆಸಿ ಮತ್ತೆ ಹಾಕಿಸಿದೆ. ಎಂಬತ್ತೆಂಟು.

"ನೋಡು, ಡಿಸ್ಟಿಂಕ್ಷನ್!"

"ಅತ್ತಮ್ಮಾ, ಇದರಲ್ಲಿ ತೊಂಬತ್ತೂ ಫೇಲೇ. ಈಗಲೇ ಆಸ್ಪತ್ರೆಗೆ ಹೊರಡಿ."

ಮಾವ ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ಅತ್ತೆ ಮತ್ತೆ ಗಳಿಗೆ ನೋಡಲಿಲ್ಲ. ಶೆಡ್ಡಿಗೆ ಫೋನ್ ಮಾಡಿ ವ್ಯಾನ್ ತರಿಸಿದರು. ಆಸ್ಪತ್ರೆಯಲ್ಲಿ ಉಸಿರಾಟದ ತೊಂದರೆ ಯಾವಾಗಿನಿಂದ ಎಂದು ಕೇಳಿದ್ದಕ್ಕೆ, "ಈಗಷ್ಟೇ, ಪೂಜೆ ಆದ ಮೇಲೆ" ಎಂದರಂತೆ.

ಬೆಡ್ ಸಿಕ್ಕಿತು. ಎರಡು ವಾರದ ಮೇಲೆ ಮಾವ ಸೊರಗಿ ಮನೆಗೆ ಬಂದರು, ಜೊತೆಗೊಂದು ಆಕ್ಸಿಜನ್ ಸಿಲಿಂಡರ್. ಇದೇನೆಂದು ಪಕ್ಕದ ಮನೆಯಾಕೆ ಗೇಟಿನಿಂದಲೇ ಕೇಳಿದಳು.

"ಶೆಡ್ಡಿಂದು," ಎಂದರು ಅತ್ತೆ. "ವೆಲ್ಡಿಂಗಿಗೆ."

ಮೂಗಿಗೆ ನಳಿಕೆ ಹಾಕಿಕೊಂಡು ಕೂತಿದ್ದ ಮಾವ ಹೌದೆಂದು ತಲೆಯಾಡಿಸಿದರು.