ವಿಶಾಲಾಕ್ಷಿ ಸರಿ ಮಾಡಿದ ಮೇಲ್ ಸರ್ವರ್

ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದ ನನ್ನ ಬೀಗಿತ್ತಿ ವಿಶಾಲಾಕ್ಷಿ ಆ ಮೇಲ್ ಸರ್ವರನ್ನು ಸರಿ ಮಾಡಲಿಲ್ಲ. ಅದು ಕೆಟ್ಟೇ ಇರಲಿಲ್ಲ. ದಿನಾ ಬೆಳಿಗ್ಗೆ ನಾನು ಅದರ ಕೆಲಸ ಕೆಡಿಸುತ್ತಿದ್ದೆ, ಒಂದು ಭಾನುವಾರ ನಿಲ್ಲಿಸಿದೆ. ನಡೆದದ್ದು ಇಷ್ಟೇ.

ಹೋದ ವಾರ ಮಗನ ಆಫೀಸಿನ ಹಳೆಯ ಸ್ನೇಹಿತರೊಬ್ಬರು ಊಟಕ್ಕೆ ಬಂದಿದ್ದರು. ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತು ನಾನು ಹಪ್ಪಳ ಕರಿಯುತ್ತಿದ್ದೆ. ಎಣ್ಣೆಗೆ ಬಿದ್ದ ಹಪ್ಪಳ ಚರ್ರೆಂದದ್ದೇ ತಡ, "ನಮ್ಮ ಮೋಡೆಮ್ಮೂ ಹೀಗೇ ಕೂಗ್ತಿತ್ತು" ಎಂದು ನನ್ನ ಮಗ ರಾಜು ಆ ಹಳೆಯ ಕಥೆ ತೆಗೆದ. ಅವನು ಒಂದು ತಿಂಗಳು ತಲೆ ಚಚ್ಚಿಕೊಂಡದ್ದು, ಲೈನ್‌ಮನ್ ಬಂದು ತಂತಿ ಬದಲಿಸಿದ್ದು, ಕೊನೆಗೆ ಅವನ ಅತ್ತೆ ಕೊಚ್ಚಿಯಿಂದ ರೈಲು ಹತ್ತಿ ಬಂದು ಒಂದೇ ಒಂದು ಸಾಲು ತಿದ್ದಿ ಎಲ್ಲವನ್ನೂ ಸರಿ ಮಾಡಿದ್ದು. "ಒಂದೇ ಸಾಲು" ಎನ್ನುವಾಗ ಅವನ ಬೆರಳು ಮೇಲೇಳುತ್ತದೆ. ಬಂದವರು ಓಹೋ ಎನ್ನುತ್ತಾರೆ. ನಾನು ಹಪ್ಪಳ ತಿರುವಿ ಹಾಕುತ್ತೇನೆ. ಅವಳನ್ನು ಆ ಪೀಠದಿಂದ ಇಳಿಸಬೇಕಾದರೆ ನಾನು ಕಳ್ಳಿ ಎಂದು ಮೊದಲು ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಅದಕ್ಕೆ ಮನಸ್ಸು ಬರಲಿಲ್ಲ. ಈಗ ನನ್ನ ವಯಸ್ಸಿಗೆ ಯಾರು ಬೈದಾರು? ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಮಾತು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಮಂಡ್ಯದ ಕಡೆಯಿಂದ ತಿರುವನಂತಪುರಕ್ಕೆ ಬಂದು ಮಗನ ಮನೆ ಸೇರಿದ್ದೆ. ಉಳ್ಳೂರಿನ ಹತ್ತಿರ ಮನೆ. ರಾಜುಗೆ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಸೊಸೆ ಉಷಾ ಧಾರವಾಡದವರ ಮಗಳು, ಬೆಳೆದದ್ದೆಲ್ಲ ಕೊಚ್ಚಿಯಲ್ಲಿ. ಮೊಮ್ಮಗಳು ನಮಿತಾಳಿಗೆ ಆಗ ಒಂಬತ್ತು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಊಟ ಮಾಡು ಮಗಾ ಅಂದರೆ "ಎನಿಕ್ಕು ವೇಂಡ." ಬೇಡ ಎನ್ನುವುದಕ್ಕೂ ನಮ್ಮ ಭಾಷೆ ಬೇಡವಾಗಿತ್ತು ಅವಳಿಗೆ.

ಇಂಟರ್ನೆಟ್ಟು ನಮ್ಮಂಥವರ ಮನೆಗೆ ಇನ್ನೂ ಬಂದಿರಲಿಲ್ಲ. ರಾಜು ಒಂದು ಕಂಪ್ಯೂಟರ್ ತಂದು, ಅದಕ್ಕೆ ಮೋಡೆಮ್ ಎನ್ನುವ ಡಬ್ಬಿ ಸಿಕ್ಕಿಸಿ, ಡಬ್ಬಿಗೆ ಫೋನಿನ ತಂತಿ ಚುಚ್ಚಿ, ಬುಲೆಟಿನ್ ಬೋರ್ಡ್ ಅಂತ ಒಂದನ್ನು ನಡೆಸುತ್ತಿದ್ದ. ಬ್ಯಾಂಕಿನವರು, ಸರ್ಕಾರಿ ಆಫೀಸಿನವರು ಅಂತ ವರ್ಗವಾಗಿ ಬಂದ ಕನ್ನಡದ ಸಂಸಾರಗಳು ಊರಿನಲ್ಲಿ ಒಂದಷ್ಟಿದ್ದವಲ್ಲ, ಅದರಲ್ಲಿ ಕಂಪ್ಯೂಟರ್ ಇದ್ದವರಿಗೆ ಅದೊಂದು ಕಟ್ಟೆ. ಫೋನ್ ಮಾಡಿ ಒಳಗೆ ಬರುವುದು, ಬೇರೆಯವರು ಬರೆದದ್ದು ಓದುವುದು, ತಮ್ಮದೊಂದು ಬರೆದು ಹೋಗುವುದು. ಇದ್ದದ್ದು ಒಂದೇ ಲೈನು, ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರಬೇಕು. ನಮ್ಮೂರ ನಲ್ಲಿಯ ಮುಂದೆ ಬಿಂದಿಗೆ ಇಟ್ಟ ಹಾಗೆ.

ಕೊಚ್ಚಿಯಲ್ಲಿ ಅಂಥದೇ ಇನ್ನೊಂದು ಕಟ್ಟೆ. ಅದನ್ನು ನಡೆಸುತ್ತಿದ್ದವಳು ಉಷಾಳ ತಾಯಿ ವಿಶಾಲಾಕ್ಷಿ. ಹೌದು, ನನ್ನ ವಾರಗೆಯವಳೇ, ಬ್ಯಾಂಕಿನಲ್ಲಿ ಕೆಲಸ ಮಾಡುವಾಗಲೇ ಕಂಪ್ಯೂಟರ್ ಕಲಿತು, ರಿಟೈರ್ ಆದ ಮೇಲೆ ತ್ರಿಪ್ಪುಣಿತ್ತುರದ ಮನೆಯಲ್ಲಿ ಒಂದನ್ನು ಇಟ್ಟುಕೊಂಡಿದ್ದಳು. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಒಂದಕ್ಷರ ಬರುತ್ತಿರಲಿಲ್ಲ. ಅವಳು ಇಸ್ತ್ರಿ ಸೀರೆಯುಟ್ಟು ಕನ್ನಡಕ ಮೂಗಿನ ತುದಿಗೆ ಇಳಿಸಿ ಮಾತಾಡುವಾಗ ನನಗೆ ನನ್ನ ಕೈಯ ಅರಿಸಿನದ ಕಲೆ ಕಾಣುತ್ತಿತ್ತು.

ಎರಡು ಊರಿನ ಬೋರ್ಡುಗಳೂ ಕಾಗದ ಬದಲಾಯಿಸಿಕೊಳ್ಳುವ ಹಾಗೆ ಮಾಡಬೇಕು ಅಂತ ಅತ್ತೆ ಅಳಿಯ ಸೇರಿ ಹೊರಟರು. ಅದಕ್ಕೇ ಮೇಲ್ ಸರ್ವರ್. ಹಗಲೆಲ್ಲ ಬರೆದ ಕಾಗದಗಳನ್ನು ಅದು ಅಂಚೆ ಚೀಲದ ಹಾಗೆ ಒಂದೇ ಗಂಟು ಕಟ್ಟಿಡುತ್ತದೆ. ಬೆಳಗಿನ ಐದೂವರೆಗೆ, ಎಸ್‌ಟಿಡಿ ದರ ಕಮ್ಮಿ ಇರುವಾಗ, ತಾನಾಗಿಯೇ ಕೊಚ್ಚಿಗೆ ಫೋನ್ ಹಚ್ಚಿ ಗಂಟು ಕೊಟ್ಟು ಆ ಕಡೆಯ ಗಂಟು ತರುತ್ತದೆ. ಸಿಗದಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಮೂರು ಸಲ ಸೋತರೆ ಅವತ್ತಿಗೆ ಮುಗಿಯಿತು. ಇದನ್ನೆಲ್ಲ ಒಂದು ಉದ್ದದ ಪಟ್ಟಿಯಲ್ಲಿ ಬರೆದಿಡಬೇಕು. ಯಾವ ಬೋರ್ಡಿಗೆ ಯಾವ ನಂಬರು, ಗುಟ್ಟಿನ ಮಾತೇನು, ಯಾರ ಕಾಗದ ಯಾವ ಪೆಟ್ಟಿಗೆಗೆ. ಒಂದು ಚುಕ್ಕಿ ಹೆಚ್ಚುಕಮ್ಮಿಯಾದರೂ ನಡೆಯುವುದಿಲ್ಲ.

ಆ ಪಟ್ಟಿ ಬರೆಯಲು ಅವರಿಬ್ಬರೂ ದಿನಾ ಸಂಜೆ ಫೋನಿನಲ್ಲಿ ಗಂಟೆಗಟ್ಟಲೆ ಕೂತರು. ನನ್ನ ಜೊತೆ ರಾಜುವಿನ ಮಾತು ದಿನಕ್ಕೆ ಮೂರು. ಕಾಫಿ ಆಯ್ತಾ, ಮಾತ್ರೆ ತಗೊಂಡ್ಯಾ, ಮಲಕ್ಕೊ. ಅವಳ ಜೊತೆ ಮಾತ್ರ ನಗು, ವಾದ, "ಅಲ್ಲ ಅತ್ತೆ, ಕೇಳಿ ಇಲ್ಲಿ." ಬೇಡವಾದ ಸಾಲನ್ನು ಅಳಿಸಬೇಕಾಗಿಲ್ಲವಂತೆ, ಅದರ ತಲೆಯ ಮೇಲೆ ಒಂದು ಗುರುತು ಹಾಕಿದರೆ ಸಾಕಂತೆ. ಸಾಲು ಅಲ್ಲೇ ಇರುತ್ತದೆ, ಕಂಪ್ಯೂಟರ್ ಮಾತ್ರ ಅದನ್ನು ಓದದೆ ಮುಂದೆ ಹೋಗುತ್ತದೆ. ಇದನ್ನು ಅವಳು ಹೇಳಿಕೊಟ್ಟಳೆಂದು ರಾಜು ಊಟದ ಹೊತ್ತಿನಲ್ಲಿ ಖುಷಿಯಿಂದ ಹೇಳಿದ. ಈ ಮನೆಯಲ್ಲಿ ನನ್ನ ತಲೆಯ ಮೇಲೂ ಯಾರೋ ಆ ಗುರುತು ಹಾಕಿದ್ದಾರೆ ಅಂದುಕೊಂಡು ನಾನು ಸಾರು ಬಡಿಸಿದೆ.

ಅಷ್ಟಾದರೂ ತಡೆದುಕೊಂಡಿದ್ದೆ. ತಡೆಯಲಾಗದೇ ಹೋದದ್ದು ಮೊಮ್ಮಗಳ ವಿಷಯ. ಸ್ಕೂಲಿನಿಂದ ಬಂದವಳೇ ಅವಳು ಕಂಪ್ಯೂಟರ್ ಮುಂದೆ ಕೂತು ಕೊಚ್ಚಿಯ ಅಜ್ಜಿಗೆ ಕಾಗದ ಕುಟ್ಟುತ್ತಿದ್ದಳು. ನಾಲಿಗೆ ಹೊರಗೆ ಹಾಕಿಕೊಂಡು, ಒಂದೊಂದೇ ಅಕ್ಷರ ಹುಡುಕಿ. ಏನೇ ಅದು ಅಂತ ಉಷಾಳನ್ನು ಕೇಳಿದೆ. ಕನ್ನಡ ಅತ್ತೆ, ಅಂದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾಳಂತೆ. ಕನ್ನಡದಲ್ಲಿ ಬರೆದರೆ ಮಾತ್ರ ಉತ್ತರ ಕೊಡುತ್ತೇನೆ ಎಂದು ಕೊಚ್ಚಿಯ ಅಜ್ಜಿ ಷರತ್ತು ಹಾಕಿದ್ದಾರಂತೆ.

ನೀವೇ ಹೇಳಿ. ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕಿದವಳು ನಾನು. ಎಣ್ಣೆ ಹಚ್ಚಿ ಜಡೆ ಹಾಕುವವಳು ನಾನು. ನನಗೆ ಮಲಯಾಳ, ಅವಳಿಗೆ ಕನ್ನಡ. ಅದೂ ನನಗೆ ಓದಲಾಗದ ಅಕ್ಷರದಲ್ಲಿ. ಸ್ಕ್ರೀನಿನ ಮುಂದೆ ಹೋಗಿ ನಿಂತು ನೋಡುತ್ತಿದ್ದೆ. ನನ್ನ ಭಾಷೆ ಬುರ್ಖಾ ಹಾಕಿಕೊಂಡು ನನ್ನೆದುರೇ ಹಾದು ಹೋದ ಹಾಗಿತ್ತು.

ಮೊದಲನೆಯ ಸಲ ಬೇಕೆಂದು ಮಾಡಿದ್ದಲ್ಲ. ಒಂದು ಬೆಳಿಗ್ಗೆ ಹಾಲಿನವನು ಬಂದಿರಲಿಲ್ಲ. ಪಕ್ಕದ ಬೀದಿಯ ಡೈರಿಗೆ ಕೇಳೋಣವೆಂದು ಅಡುಗೆಮನೆಯ ಓಣಿಯಲ್ಲಿದ್ದ ಫೋನನ್ನು ಎತ್ತಿದೆ. ಒಂದೇ ಲೈನಿಗೆ ಮನೆಯಲ್ಲಿ ಎರಡು ಫೋನು, ಒಂದು ಕಂಪ್ಯೂಟರ್ ಪಕ್ಕ, ಒಂದು ಇಲ್ಲಿ. ಕಿವಿಗೆ ಚರ್ರೋ ಎನ್ನುವ ಸದ್ದು. ಯಾರದು ಅಂತ ಕೇಳಿದೆ. ಸದ್ದು ಎರಡು ಸಲ ಬಿಕ್ಕಳಿಸಿ ಸತ್ತಿತು. ಒಳಗಿನಿಂದ ರಾಜು, ಛೆ, ಎರಡು ಸಲ ಲೈನ್ ಸಿಗಲಿಲ್ಲ, ಮೂರನೇದೂ ಕಟ್ಟಾಯ್ತು ಅಂದ. ನಾನು ಮೆಲ್ಲಗೆ ರಿಸೀವರ್ ಇಟ್ಟೆ. ಅವತ್ತು ಕೊಚ್ಚಿಯ ಗಂಟು ಬರಲಿಲ್ಲ. ಸಂಜೆ ನಮಿತಾ ಕಂಪ್ಯೂಟರ್ ನೋಡಿ, ಕಾಗದ ಕಾಣದೆ, ನನ್ನ ಹತ್ತಿರ ಬಂದು ಕೂತು ಅವರೆಕಾಳು ಬಿಡಿಸಿದಳು.

ಮಾರನೆಯ ದಿನದಿಂದ ಬೇಕೆಂದೇ ಎತ್ತಿದೆ. ಐದೂವರೆಗೆ ಒಂದು ಸಲ, ಐದು ನಲವತ್ತಕ್ಕೆ ಒಂದು ಸಲ, ಐದು ಐವತ್ತಕ್ಕೆ ಒಂದು ಸಲ. ಮಧ್ಯೆ ಡಿಕಾಕ್ಷನ್ ಇಳಿಸುವುದು. ವಾರದಲ್ಲಿ ಒಂದೆರಡು ದಿನ ಸದ್ದನ್ನು ಒಂದಿಷ್ಟು ಹೊತ್ತು ಓಡಲು ಬಿಟ್ಟು ಆಮೇಲೆ ಎತ್ತುತ್ತಿದ್ದೆ, ಅನುಮಾನ ಬರಬಾರದಲ್ಲ. ನಾಲ್ಕನೇ ಕ್ಲಾಸಿನವಳಿಗೂ ಅಷ್ಟು ಬುದ್ಧಿ ಇರುತ್ತದೆ.

ರಾಜು ಪಟ್ಟಿಯನ್ನು ತಿದ್ದಿದ. ಮೋಡೆಮ್ಮಿನ ವೇಗ ಇಳಿಸಿದ, ಏರಿಸಿದ. ಬದಲಾಯಿಸಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಅಳಿಲು ತಂತಿ ಕಡಿದಿರಬೇಕೆಂದು ಲೈನ್‌ಮನ್ ಕರೆಸಿದ. ಆ ಮನುಷ್ಯ ಬಿಸಿಲಿನಲ್ಲಿ ಕಂಬ ಹತ್ತಿ ಹೊಸ ತಂತಿ ಎಳೆದ. ಅವನಿಗೆ ನಾನೇ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟೆ, "ಪಾಪ, ಅಳಿಲಿನ ಕಾಟ" ಅಂತ ಹೇಳಿಯೂ ಹೇಳಿದೆ. ನಾಚಿಕೆ ಆಯಿತೇ ಎಂದು ಕೇಳಬೇಡಿ. ಆಗಲಿಲ್ಲ.

ನಾಚಿಕೆಯಂಥದೇನೋ ಆದದ್ದು ಮೂರನೆಯ ವಾರ. ರಾಜುವಿನ ಬೋರ್ಡಿಗೆ ಬರುವವರು ಬೇಸತ್ತು, ಇದು ನಿಮ್ಮ ಕೈಯಲ್ಲಿ ಆಗುವ ಕೆಲಸವಲ್ಲ, ಕಾಗದದ ಜವಾಬ್ದಾರಿ ಬೇರೆಯವರಿಗೆ ಬಿಡಿ ಅಂದರಂತೆ. ರಾಜು ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ನಮಿತಾ ಕಂಪ್ಯೂಟರ್ ಮುಂದೆ ಕೂರುವುದನ್ನೇ ಬಿಟ್ಟಳು. ಕೊಚ್ಚಿಯ ಅಜ್ಜಿಗೆ ತನ್ನ ಮೇಲೆ ಕೋಪ, ಅದಕ್ಕೇ ಬರೆಯುವುದಿಲ್ಲ ಅಂತ ಉಷಾಳ ಹತ್ತಿರ ಅತ್ತಳಂತೆ. ಇನ್ನು ಕನ್ನಡ ಬರೆಯುವುದಿಲ್ಲ ಅಂದಳಂತೆ. ನನ್ನ ಹತ್ತಿರ ಬಂದು ಕೂತಳು, ಕಾಳು ಬಿಡಿಸಿದಳು, ಮಲಯಾಳದಲ್ಲೂ ಮಾತಾಡಲಿಲ್ಲ. ಆದರೂ ಮರುದಿನ ಬೆಳಿಗ್ಗೆ ನನ್ನ ಕೈ ಫೋನಿಗೇ ಹೋಯಿತು. ಹೊಟ್ಟೆಕಿಚ್ಚು ಅಭ್ಯಾಸವಾಗಿಬಿಟ್ಟರೆ ಬೆಳಗಿನ ಕಾಫಿಯ ಹಾಗೆ, ಹೊತ್ತಿಗೆ ಸರಿಯಾಗಿ ಬೇಕು.

ಆಗ ವಿಶಾಲಾಕ್ಷಿ ಬಂದಳು. ತನ್ನ ಕಡೆಯ ಕಂಪ್ಯೂಟರನ್ನು ಹಾಗೇ ಓಡುವುದಕ್ಕೆ ಬಿಟ್ಟು, ಶನಿವಾರ ಸಂಜೆ, ಒಂದು ಚೀಲ ಬಾಳೆಕಾಯಿ ಚಿಪ್ಸು ಹಿಡಿದುಕೊಂಡು. ಕೂತವಳೇ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಅಳಿಯ ಪಕ್ಕದಲ್ಲಿ ಶಿಷ್ಯನ ಹಾಗೆ ನಿಂತಿದ್ದ. ಎಲ್ಲಾ ಸರಿ ಅದ, ಆದರೂ ಇದೊಂದು ನೋಡೂಣು ಅಂತ ಒಂದು ಸಾಲು ತಿದ್ದಿದಳು. ನಾಳೆ ಬೆಳಿಗ್ಗೆ ಗೊತ್ತಾಗುತ್ತದೆ ಅಂದಳು.

ಭಾನುವಾರ ಐದೂಕಾಲಿಗೆ ಎದ್ದು ನಾನು ಯೋಚನೆ ಮಾಡಿದೆ. ಇವತ್ತು ಸುಮ್ಮನಿದ್ದರೆ ಕಾಗದ ಹೋಗುತ್ತದೆ. ಹೋದರೆ ಅದು ಇವಳು ಮಾಡಿದ್ದು ಅಂತ ಆಗುತ್ತದೆ. ಅದೊಂದು ಆಗಬಾರದು. ಸ್ನಾನದ ಮನೆಯಲ್ಲಿ ನೀರಿನ ಸದ್ದು ಕೇಳುತ್ತಿತ್ತು, ಅವಳೇ ಇರಬೇಕು ಅಂದುಕೊಂಡೆ. ಇದ್ದದ್ದು ಉಷಾ. ಐದೂವರೆಗೆ ರಿಸೀವರ್ ಎತ್ತಿ ಕಿವಿಗಿಟ್ಟೆ. ಸದ್ದು ಬಿಕ್ಕಳಿಸಿತು. ಹಿಂದಿನಿಂದ ಮೆಲ್ಲಗೆ ವಿಶಾಲಾಕ್ಷಿಯ ಮಾತು ಬಂತು.

"ಅಕ್ಕಾರ, ಅದನ್ನ ಕೆಳಗ ಇಡ್ರಿ. ಕಾಫಿ ಆಗೇದೇನು?"

ಇಟ್ಟೆ. ಆಗಿದೆ ಅಂದೆ. ಅವಳು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು. ಅವಳು ನೆಲದ ಮೇಲೆ ಕೂತದ್ದನ್ನು ಅವತ್ತೇ ನಾನು ನೋಡಿದ್ದು. ಒಳಗಿನಿಂದ ರಾಜು, ಮತ್ತೆ ಕಟ್ಟಾಯ್ತು ಅತ್ತೆ ಅಂತ ಕೂಗಿದ. ಇನ್ನ ಹತ್ತು ನಿಮಿಷ ತಡಿ, ಎರಡನೇದಕ್ಕ ಹೋಗ್ತದ ಅಂತ ಅವಳು ಇಲ್ಲಿಂದಲೇ ಉತ್ತರ ಕೊಟ್ಟಳು. ಆಮೇಲೆ ದನಿ ತಗ್ಗಿಸಿದಳು.

"ಆ ಹುಡುಗಿ ನನಗ ಏನು ಬರೀತಾಳ ಗೊತ್ತೇನ್ರಿ ನಿಮಗ? ಅಜ್ಜಿ ಬಸ್ಸಾರು ಮಾಡಿದ್ರು. ಅಜ್ಜಿ ಮೀನಿನವಳ ಜೋಡಿ ಜಗಳಾ ತಗದ್ರು. ಅಜ್ಜಿ ಹಿಂಗ ಬೈದ್ರು. ಬರೇ ನಿಮ್ಮ ಸುದ್ದಿ. 'ಹೂಂ ಕಣಜ್ಜಿ' ಅಂತ ನನಗ ಬರೀತಾಳ, ನಮ್ಮ ಧಾರವಾಡದಾಗ ಯಾರರ ಹಂಗ ಮಾತಾಡ್ತಾರೇನು? ಅದು ನಿಮ್ಮ ಬಾಯಿಂದ ಹೋದ ಮಾತು."

ನಾನು ಲೋಟ ತೊಳೆಯುತ್ತಿದ್ದೆ. ತೊಳೆದದ್ದನ್ನೇ ತೊಳೆದೆ.

"ನೀವು ದಿನಾ ಅಕಿ ಜಡಿ ಹಾಕ್ತೀರಿ. ನನಗ ಸಿಗೂದು ಆ ನಾಕು ಸಾಲು," ಅಂದಳು. "ಅದನ್ನ ಓದಿದಾಗೆಲ್ಲಾ ನನಗೂ ಹೊಟ್ಟಿ ಉರೀತದ್ರಿ."

ಐದು ನಲವತ್ತಕ್ಕೆ ಮೋಡೆಮ್ ಕೂಗಿತು. ನಾವಿಬ್ಬರೂ ಕಾಫಿ ಕುಡಿದೆವು. ಗಂಟು ಹೋಯಿತು, ಗಂಟು ಬಂತು. ರಾಜು ಓಡಿ ಬಂದು ಅತ್ತೆಯ ಕಾಲಿಗೆ ಬೀಳುವುದೊಂದು ಬಾಕಿ. ಒಂದೇ ಸಾಲು, ಒಂದೇ ಸಾಲು ಅಂತ ಕುಣಿದ. ಅವಳು ನನ್ನ ಕಡೆ ನೋಡಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಮಧ್ಯಾಹ್ನದ ರೈಲಿಗೆ ಹೊರಟುಹೋದಳು. ಯಾರಿಗೂ, ಮಗಳಿಗೂ, ಹೇಳಲಿಲ್ಲ. ನಾನು ಅವಳ ಜಾಗದಲ್ಲಿ ಇದ್ದಿದ್ದರೆ ಸಂಜೆಯೊಳಗೆ ಎರಡೂ ಊರಿಗೆ ತಿಳಿಸುತ್ತಿದ್ದೆ. ಹೊಟ್ಟೆ ಇನ್ನಷ್ಟು ಉರಿದದ್ದು ಅದಕ್ಕೇ. ಅದರಲ್ಲೂ ಅವಳೇ ಮೇಲು.

ಈಗ ನಮಿತಾ ಮದುವೆಯಾಗಿ, ಸ್ಕೂಲಿನಲ್ಲಿ ಪಾಠ ಹೇಳಿಕೊಂಡು, ಎಲ್ಲಿದ್ದಾಳೆ ಅಂತೀರಿ? ತ್ರಿಪ್ಪುಣಿತ್ತುರದಲ್ಲೇ, ಆ ಅಜ್ಜಿಯ ಮನೆಗೆ ಎರಡು ಬೀದಿ ಆಚೆ. ಕೇಳಿದಾಗ ನನಗೆ ಒಳ್ಳೆಯದಾಯಿತು ಅಂತ ಅನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ರಾಜು ಇದನ್ನು ಓದುತ್ತಾನೆ, ಓದಲಿ. ಇನ್ನು ಮೇಲೆ ಆ ಬೆರಳನ್ನು ಅವನು ಎತ್ತಬೇಕಾಗಿಲ್ಲ.

ವಿಶಾಲಾಕ್ಷಿ ಅವತ್ತು ಅಡುಗೆಮನೆಯಲ್ಲಿ ಕೂತು ಹೇಳಿದ್ದನ್ನು ನಾನು ನಂಬಿದೆ ಅಂದುಕೊಂಡಿರಾ? ಇಲ್ಲ. ಓದಿದವರಿಗೆ ಕೈಗೆ ಸಿಕ್ಕ ಕಳ್ಳಿಯನ್ನು ಸಮಾಧಾನ ಮಾಡುವ ಜಾಣತನ ಇರುತ್ತದೆ. ಕಾಗದದಲ್ಲಿ ನಿಜವಾಗಿ ಏನಿದೆ ಅಂತ ಬೇರೆಯವರ ಬಾಯಿಂದ ಕೇಳಿ ಪ್ರಯೋಜನವಿಲ್ಲ, ನನ್ನ ಕಣ್ಣಿಂದಲೇ ಓದಬೇಕು. ಅದರ ಮರುದಿನ ಸೋಮವಾರ ಬೆಳಿಗ್ಗೆ ಮೋಡೆಮ್ ತನ್ನ ಪಾಡಿಗೆ ಕೂಗಿ ಸುಮ್ಮನಾಗುವವರೆಗೆ ನಾನು ಹಿತ್ತಿಲಿನಲ್ಲಿ ಬಟ್ಟೆ ಒಗೆದೆ. ಆಮೇಲೆ ನಮಿತಾಳ ಹಳೆಯ ಸ್ಲೇಟು ಹುಡುಕಿ ತೆಗೆದು, ಹಾಲು ಕುಡಿಯುತ್ತಿದ್ದವಳ ಮುಂದೆ ಇಟ್ಟು, ಬಳಪ ಅವಳ ಕೈಗೆ ಕೊಟ್ಟು, ನೆಲದ ಮೇಲೆ ಕೂತೆ. ಇಂಗ್ಲಿಷಿನಲ್ಲಿ ಮೊದಲನೆಯದು ಎ ಅಲ್ಲವಾ, ಅದನ್ನು ದೊಡ್ಡದಾಗಿ ಬರೆದು ತೋರಿಸು ಅಂದೆ.